ಥಿಯೋಮಾರ್ಗರಿಟಾ ನಮೀಬಿಯೆನ್ಸಿಸ್

ನಮೀಬಿಯ ಕರಾವಳಿಯಾಚೆಯ ಅಟ್ಲಾಂಟಿಕ್ ಸಾಗರತಳದ ಕೆಸರಿನಲ್ಲಿ ವಾಸಿಸುವ ದೈತ್ಯ ಗಂಧಕ ಬ್ಯಾಕ್ಟೀರಿಯ. ಜರ್ಮನಿಯ ಜೀವವಿಜ್ಞಾನಿ ಹೈಡೆ ಶುಲ್ಟ್ಸ್ 1997ರಲ್ಲಿ ಇದನ್ನು ಪತ್ತೆಹಚ್ಚಿದರು. ವಿವರಣೆ 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಲೋಳೆಯ ಕವಚದೊಳಗೆ ಮಣಿಸರದಂತೆ ಸಾಲುಗಟ್ಟುವ ಇದರ ಗೋಳಾಕಾರದ ಕೋಶಗಳ ವ್ಯಾಸ ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ.; ಅಪರೂಪಕ್ಕೆ 0.75 ಮಿ.ಮೀ. ಹೀಗಾಗಿ ಬರಿಗಣ್ಣಿಗೇ ಕಾಣುತ್ತವೆ. ಗಂಧಕದ ಕಣಗಳು ಬೆಳಕನ್ನು ಚದುರಿಸುವುದರಿಂದ ಬಿಳಿಯಾಗಿ ಹೊಳೆಯುತ್ತವೆ. ಕೋಶದ ಬಹುಭಾಗ ನೈಟ್ರೇಟ್ ಸಂಗ್ರಹಿಸುವ ರಸದಾನಿ. ಆ ನೈಟ್ರೇಟನ್ನು ಬಳಸಿ, ಕೆಸರಿನ ಹೈಡ್ರೋಜನ್ ಸಲ್ಫೈಡನ್ನು ಉತ್ಕರ್ಷಿಸಿ ಶಕ್ತಿ ಪಡೆಯುತ್ತದೆ.

ಆಕಾರವೊಂದೇ ಹೊಸ ಪ್ರಭೇದಕ್ಕೆ ಸಾಕ್ಷಿಯಲ್ಲ. 16ಎಸ್ ಆರ್‌ಆರ್‌ಎನ್‌ಎ ಜೀನಿನ ಹೋಲಿಕೆಯಿಂದ ಇದು ಥಿಯೋಪ್ಲೋಕ ಕುಲಕ್ಕೆ ಹತ್ತಿರದ ಸಂಬಂಧಿಯೆಂದು ತಿಳಿಯಿತು. ಸುಮಾರು 1 ಸೆಂ.ಮೀ. ಉದ್ದದ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ 2022ರಲ್ಲಿ ವರದಿಯಾಗುವ ಮುನ್ನ ಬ್ಯಾಕ್ಟೀರಿಯಗಳಲ್ಲಿ ಅತಿ ದೊಡ್ಡವುಗಳ ಸಾಲಿನಲ್ಲಿ ಇದರ ಹೆಸರೇ ಮೊದಲಿತ್ತು.