ಅಡ್ಡಣಿಗೆಯೂ ಟೀಪಾಯಿಯೂ

ಕೊಪ್ಪಳದಿಂದ ಗದಗಿನ ಕಡೆಗೆ ಹೋಗುವ ರೈಲುಹಾದಿಯ ಮೇಲೆ ತಳಕಲ್ ಎಂಬ ಗ್ರಾಮವಿರುವದು. ಆ ಊರಲ್ಲಾಗಲಿ, ಅದರ ಸುತ್ತಣ ಕುಕನೂರು, ಯಲಬುರ್ಗಿ, ಕೊಪ್ಪಳಗಳಲ್ಲಾಗಲಿ ಓದುಬರಹ ಬಲ್ಲ ಗೃಹಸ್ಥರ ಮನೆಯನ್ನು ಹೊಕ್ಕರೆ, ಪಡಸಾಲೆಯ ನಡುವೆ ಒಂದು ಗಿಡ್ಡವಾದ ಮೇಜು ಮೊದಲು ಕಣ್ಣಿಗೆ ಬೀಳುವದು. ಬಂದವರಿಗೆ ಕೊಟ್ಟ ಚಹದ ಕಪ್ಪುಬಸಿಗಳೂ, ಅಂದಿನ ವೃತ್ತಪತ್ರಿಕೆಯೂ, ಎಲೆಯಡಿಕೆಯ ತಟ್ಟೆಯೂ ಅದರ ಮೇಲೆಯೇ ಇರುವವು. ಜನರು ಇದನ್ನು ಟೀಪಾಯಿ ಎಂದು ಕರೆಯುವರು. ಟೀ ಕುಡಿಯಲು ಉಪಯೋಗಿಸುವದರಿಂದ ಆ ಹೆಸರು ಬಂದಿತೆಂದೂ, ಇಂಗ್ಲಿಷರ ಕಾಲದಲ್ಲಿ ಅವರ ಕುರ್ಚಿ ಕೋಚುಗಳೊಡನೆ ಈ ಸಾಮಾನು ಈ ನಾಡಿಗೆ ಕಾಲಿಟ್ಟಿತೆಂದೂ ಬಹುಜನರು ತಿಳಿದಿರುವರು. ವಿಚಾರಿಸಿ ನೋಡಿದರೆ ಮೊದಲನೆಯ ಮಾತು ಪೂರ್ಣ ತಪ್ಪು. ಎರಡನೆಯದು ಅರ್ಧ ಮಾತ್ರ ಸತ್ಯ.

ಟೀಪಾಯಿ ಎಂಬ ಶಬ್ದಕ್ಕೂ ಚಹದ ಸೊಪ್ಪಿಗೂ ಹುಟ್ಟಿನ ಸಂಬಂಧವೇನೂ ಇಲ್ಲ. ಹಿಂದುಸ್ಥಾನಿಯಲ್ಲಿ ತಿಪಾಯಿ ಎಂದರೆ ಮೂರು ಕಾಲುಳ್ಳದ್ದು, ಎಂದರೆ ಮುಕ್ಕಾಲಿ. ನಾಲ್ಕು ಕಾಲಿನ ಮಂಚಕ್ಕೆ ಚಾರಪಾಯಿ ಎನ್ನುವಂತೆಯೇ ಇದೂ. ಈ ದೇಶದಲ್ಲಿ ನೆಲೆಸಿದ್ದ ಇಂಗ್ಲಿಷರು ಈ ಮಾತನ್ನು ಇಲ್ಲಿಯ ಸೇವಕರ ಬಾಯಿಂದ ಕಲಿತು ತಮ್ಮ ನಾಡಿಗೆ ಒಯ್ದರು. ಅಲ್ಲಿ ಅದರ ಮೊದಲ ಅಕ್ಷರವು ಟೀ ಎಂಬ ಪೇಯದ ಹೆಸರಿನೊಡನೆ ಬೆರೆತುಹೋಯಿತು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಎಂಬವರ ಹಾಬ್ಸನ್ ಜಾಬ್ಸನ್ ಕೋಶದಲ್ಲಿಯೇ ಈ ಭ್ರಾಂತಿಯನ್ನು ತಿದ್ದಲಾಗಿದೆ. ಆದರೂ ಕೋಶಕ್ಕಿಂತ ರೂಢಿಯು ಬಲವತ್ತರವಾದುದು. ಹೀಗೆ ಈ ದೇಶದ ಮುಕ್ಕಾಲಿಯು ಪರದೇಶಕ್ಕೆ ಹೋಗಿ, ವೇಷವನ್ನು ಮರೆಸಿ, ಪರದೇಶದ ಸಾಮಾನೆಂಬ ಹೆಸರಿನಿಂದ ಮರಳಿ ಬಂದಿತು.

ಅದು ಬರುವ ಮೊದಲು ಕನ್ನಡದ ಮನೆಯಲ್ಲಿ ಆ ಸ್ಥಳವು ಬರಿದಾಗಿತ್ತೆ? ಇರಲಿಲ್ಲ. ಅಲ್ಲಿ ಅಡ್ಡಣಿಗೆಯಿತ್ತು. ಉಣ್ಣುವ ತಾಟನ್ನು ನೆಲಕ್ಕೆ ತಾಗದಂತೆ ಇಡುವ ಮುಕ್ಕಾಲಿಗೆ ಅಡ್ಡಣಿಗೆಯೆಂದು ಹೆಸರು. ಕಿಟ್ಟೆಲ್ಲರ 1894ರ ಕೋಶದಲ್ಲಿ ಈ ಮಾತು ಸೇರಿದೆ. ನೆರೆಯ ಮರಾಠಿಯಲ್ಲಿಯೂ ಅಡಣಿ ಎಂಬುದು ಇದೇ ಅರ್ಥದಲ್ಲಿ ಬಳಕೆಯಾಗುವದು. ಲಿಂಗಾಯತರ ಮನೆಗಳಲ್ಲಿಯೂ ಮಠಗಳಲ್ಲಿಯೂ ಜಂಗಮರಿಗೂ ಅತಿಥಿಗಳಿಗೂ ಅಡ್ಡಣಿಗೆಯ ಮೇಲೆ ತಾಟಿಟ್ಟು ಬಡಿಸುವದು ಮರ್ಯಾದೆಯ ಲಕ್ಷಣವಾಗಿತ್ತು. ಉಣ್ಣುವವನು ಮಣೆಯ ಮೇಲೆ ಕುಳಿತಿರುವನು. ಅನ್ನವು ಅಡ್ಡಣಿಗೆಯ ಮೇಲೆ ಅವನ ಕೈಗೆ ಎಟಕುವಷ್ಟು ಎತ್ತರಕ್ಕೆ ಏರಿರುವದು. ಉಳ್ಳವರ ಮನೆಯಲ್ಲಿ ಅದು ಹಿತ್ತಾಳೆಯದು, ಉಳಿದವರಲ್ಲಿ ಮರದ್ದು. ಮೂರು ಕಡ್ಡಿಗಳನ್ನು ನಡುವೆ ಒಂದಕ್ಕೊಂದು ಹೆಣೆದು, ಬೇಕಾದಾಗ ಬಿಚ್ಚಿ ನಿಲ್ಲಿಸಿ, ಬೇಡವಾದಾಗ ಮಡಚಿ ಗೋಡೆಗೆ ಒರಗಿಸುವ ಬಗೆಯೂ ಉಂಟು. ಮಣೆ ಅಡ್ಡಣಿಗೆಗಳೆರಡೂ ಸೇರಿದರೆ ಆ ಕಾಲದ ಕುರ್ಚಿ ಮೇಜುಗಳಾದವು.

ಮೂರೇ ಕಾಲುಗಳು ಏಕೆಂಬ ಪ್ರಶ್ನೆಯು ಸಹಜವಾದುದು. ಸಗಣಿಯಿಂದ ಸಾರಿಸಿದ ಮಣ್ಣಿನ ನೆಲವು ಎಲ್ಲೆಡೆಯಲ್ಲಿಯೂ ಸಮನಾಗಿರುವದಿಲ್ಲ. ಅಂಥ ನೆಲದ ಮೇಲೆ ನಾಲ್ಕು ಕಾಲಿನ ಮಣೆಯನ್ನಿಟ್ಟರೆ ಒಂದು ಕಾಲು ಎತ್ತರದಲ್ಲಿ ನಿಂತು ತಾಟು ಅಲುಗುವದು. ಮೂರು ಬಿಂದುಗಳಾದರೋ ಯಾವಾಗಲೂ ಒಂದೇ ಸಮತಲದಲ್ಲಿ ಇರುವವು. ಆದುದರಿಂದ ಮುಕ್ಕಾಲಿಯು ಎಷ್ಟು ಒರಟಾದ ನೆಲದ ಮೇಲಾದರೂ ಅಲುಗದೆ ನಿಲ್ಲುವದು. ರೇಖಾಗಣಿತವನ್ನು ಓದದ ಬಡಿಗನು ಈ ತತ್ತ್ವವನ್ನು ಕೈಯಿಂದ ಕಂಡುಕೊಂಡಿದ್ದನು. ಅದರಲ್ಲಿ ಒಂದು ದೋಷವೂ ಉಂಟು: ಮೂರು ಕಾಲುಗಳ ನಡುವಣ ತ್ರಿಕೋನದ ಆಚೆಗೆ ಭಾರ ಬಿದ್ದರೆ ಅದು ಮಗುಚುವದು. ಆದ್ದರಿಂದಲೇ ಕಾಲುಗಳನ್ನು ನೆಟ್ಟಗೆ ನಿಲ್ಲಿಸದೆ ಹೊರಕ್ಕೆ ಚಾಚುವ ರೂಢಿ. ಮನೆಗಳಲ್ಲಿ ಶಹಾಬಾದದ ಪರಸಿಕಲ್ಲು ಹಾಸಿ ನೆಲವು ಸಮನಾದ ಮೇಲೆಯೇ ನಾಲ್ಕು ಕಾಲಿನ ಮೇಜಿಗೆ ನಿಲ್ಲಲು ಯೋಗ್ಯ ಸ್ಥಳವು ದೊರೆಯಿತು. ಹೀಗೆ ನೆಲ ಬದಲಾದಂತೆ ಕಾಲುಗಳ ಸಂಖ್ಯೆಯೂ ಬದಲಾಯಿತು. ಹೆಸರು ಮಾತ್ರ ಮುಕ್ಕಾಲಿಯಾಗಿಯೇ ಉಳಿಯಿತು.

ಇವನ್ನೆಲ್ಲ ಮಾಡುತ್ತಿದ್ದವನು ಊರ ಬಡಿಗನು. ಅವನು ಆಯಗಾರರಲ್ಲಿ ಒಬ್ಬನು. ಒಕ್ಕಲಿಗನ ಕುಂಟೆ, ಕೂರಿಗೆ, ನೇಗಿಲು, ಬಂಡಿಗಳನ್ನು ವರ್ಷವಿಡೀ ಮಾಡಿಕೊಟ್ಟು ರಿಪೇರಿ ಮಾಡಿ, ಸುಗ್ಗಿಯ ಕಾಲಕ್ಕೆ ಕಣದಲ್ಲಿ ಜೋಳದ ಆಯವನ್ನು ಪಡೆಯುತ್ತಿದ್ದನು. ಅವನಿಗೆ ಬೇರೆ ಕಾರ್ಖಾನೆಯೆಂಬುದಿರಲಿಲ್ಲ. ಮನೆಯ ಮುಂದಿನ ಚಪ್ಪರವೇ ಕಾರ್ಖಾನೆ. ಬಾಚಿ, ಉಳಿ, ಕೊಡತಿ, ಗರಗಸ, ಹತ್ತರಿ, ಬೈರಿಗೆ, ಇಷ್ಟೇ ಅವನ ಆಸ್ತಿ. ಮಕ್ಕಳು ಮರದ ಹೊಟ್ಟಿನಲ್ಲಿ ಆಡುತ್ತಲೇ ಕೆಲಸವನ್ನು ಕಲಿಯುತ್ತಿದ್ದರು. ಈ ಕಾಯಕಕ್ಕೆ ಕನ್ನಡ ನಾಡಿನಲ್ಲಿ ಹಿರಿದಾದ ಗೌರವವೂ ಇದ್ದಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ವಚನಕಾರನಿದ್ದನು. ಅವನ ಹೆಸರಿನ ಮುಂದೆ ನಿಂತಿರುವ ಬಾಚಿಯು ಇದೇ ಬಡಿಗನ ಬಾಚಿ. ಅವನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ.

ಮರಗೆಲಸವು ಎಷ್ಟು ಮುಂದುವರಿದಿತ್ತೆಂಬುದಕ್ಕೆ ಸಾಕ್ಷಿಯು ತಳಕಲ್ಲಿನ ಸೀಮೆಯಲ್ಲಿಯೇ ಇರುವದು. ಆದರೆ ಅದು ಮರದಲ್ಲಿಲ್ಲ, ಕಲ್ಲಿನಲ್ಲಿದೆ. ಕುಕನೂರಿನ ಹತ್ತಿರದ ಇಟಗಿಯಲ್ಲಿ 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ದೇವಾಲಯವುಂಟು. ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ಅದರ ಮಂಟಪದ ಕಂಬಗಳನ್ನು ನೋಡಿದವರು ಬೆರಗಾಗದಿರಲಾರರು. ಮೆತ್ತನೆಯ ಬಳಪದ ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಹಿಡಿದು, ಸುತ್ತಲೂ ಬಳೆಬಳೆಯಾಗಿ ಕಡೆದಿರುವರು. ಮರವನ್ನು ಕಡೆಯುವವನ ಕೈಯೇ ಕಲ್ಲಿಗೆ ಇಳಿಯಿತೆಂದು ಶಿಲ್ಪವನ್ನು ಬಲ್ಲವರು ಎಣಿಸುವರು. ಮರವು ಗೆದ್ದಲಿಗೂ ಬೆಂಕಿಗೂ ತುತ್ತಾಗಿ ಆ ಕಾಲದ ಮಣೆ ಮಂಚಗಳೆಲ್ಲ ಅಳಿದುಹೋದವು. ಕಂಬಗಳು ಮಾತ್ರ ಕಡೆದವನ ಕೌಶಲವನ್ನು ಇಂದಿಗೂ ಹೇಳುತ್ತಿರುವವು. ಅದೇ ಶತಮಾನದಲ್ಲಿ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಉಪಭೋಗಗಳನ್ನು ವರ್ಣಿಸುವಾಗ ಅನ್ನಭೋಗದಂತೆಯೇ ಆಸನಭೋಗಕ್ಕೂ ಬೇರೊಂದು ಪ್ರಕರಣವನ್ನು ಮೀಸಲಿಟ್ಟಿರುವದು ಗಮನಾರ್ಹವು.

ಮನೆಯೇ ಕಾರ್ಖಾನೆಯಾಗಿ ಇಂದಿಗೂ ಉಳಿದಿರುವ ಊರೊಂದು ಕೊಪ್ಪಳದ ನೆರೆಯಲ್ಲಿಯೇ ಉಂಟು. ಅದು ಕಿನ್ನಾಳ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮೆತ್ತನೆಯ ಮರದಿಂದ ಗರುಡ, ಮಾರುತಿ, ಗೌರಿ ಮೊದಲಾದ ಮೂರ್ತಿಗಳನ್ನೂ ಆಟಿಕೆಗಳನ್ನೂ ಮಾಡುವರು. ತುಂಡುಗಳನ್ನು ಜೋಡಿಸುವದಕ್ಕೆ ಹುಣಿಸೆಬೀಜದ ಅಂಟೇ ಆಧಾರ. ನೆನೆಯಿಸಿ, ಒಣಗಿಸಿ, ಪುಡಿಮಾಡಿದ ಗೋಣಿಯ ಚಿಂದಿಗೆ ಮರದ ಹೊಟ್ಟನ್ನೂ ಅದೇ ಅಂಟನ್ನೂ ಬೆರಸಿದರೆ ಕಿಟ್ಟವೆಂಬುದಾಗುವದು. ಅದನ್ನು ಮೂರ್ತಿಯ ಮೇಲೆಲ್ಲ ಕೈಯಿಂದ ಬಳಿದು, ಅದರ ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಚ್ಚುವರು. ಹಂಪೆಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬುದು ಈ ಮನೆತನಗಳ ಪರಂಪರೆಯ ಮಾತು. ಈ ಕಲೆಗೆ ಈಗ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. ಮನೆಯ ಗಂಡಸರು ಕೆತ್ತಿದರೆ ಹೆಂಗಸರೂ ಮಕ್ಕಳೂ ಲೇಪ ಬಣ್ಣಗಳಲ್ಲಿ ಕೈಗೂಡಿಸುವರು. ಯಂತ್ರವನ್ನೂ ಬಂಡವಾಳವನ್ನೂ ನೆಚ್ಚದೆ ಮನೆತನವನ್ನೇ ನೆಚ್ಚಿದ್ದರಿಂದ ಇದು ಉಳಿಯಿತು.

ತಳಕಲ್ಲಿನಂಥ ಊರುಗಳ ಬಡಿಗನಿಗೆ ಮಾತ್ರ ಇಂಥ ಭಾಗ್ಯವು ಒದಗಲಿಲ್ಲ. ಈ ಸೀಮೆಯು ಬಹುಕಾಲ ಹೈದರಾಬಾದಿನ ನಿಜಾಮನ ರಾಜ್ಯದೊಳಗಿತ್ತು. ಕೊಪ್ಪಳವು ಸಾಲಾರಜಂಗ ಮನೆತನದ ಜಹಗೀರಾಗಿತ್ತು. ಫಾರಸಿಯ ಮೇಜು, ಅರಬಿಯ ಕುರ್ಚಿ ಎಂಬ ಶಬ್ದಗಳು ಮುಸಲ್ಮಾನ ಅರಸರ ಆಳಿಕೆಯ ಕಾಲದಲ್ಲಿ ಕನ್ನಡದಲ್ಲಿ ಬೇರೂರಿದವು. ಆದರೆ ಆ ವಸ್ತುಗಳು ಕಚೇರಿಗೂ ದೇಸಾಯರ ವಾಡೆಗೂ ಮೀಸಲಾಗಿದ್ದವು. 1880ರ ದಶಕದಲ್ಲಿ ಗದಗು ಹೊಸಪೇಟೆಗಳ ನಡುವೆ ರೈಲು ಓಡಲು ತೊಡಗಿದ ಮೇಲೆ ಕಾಲವು ಬೇಗ ಬೇಗ ತಿರುಗಿತು. ಮಳೆ ಕಡಿಮೆಯಾದ ಈ ಎರಿಭೂಮಿಯಲ್ಲಿ ಬೇವು, ಜಾಲಿ, ಹುಣಿಸೆಗಳೇ ಬಡಿಗನ ಮರಗಳಾಗಿದ್ದವು. ಈಗ ಪಡುವಣ ಕಾಡಿನ ಸಾಗವಾನಿಯನ್ನು ದೂರದ ಪೇಟೆಗಳಿಗೆ ಒಯ್ಯುವದು ಸುಲಭವಾಯಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೈಲಿನ ನಿಲ್ದಾಣಗಳಿಂದಲೇ ಚಹದ ರೂಢಿಯು ಹಳ್ಳಿಗಳನ್ನು ಹೊಕ್ಕಿತು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯು ಕಾಫಿಯ ತವರೆಂದು ಪ್ರಸಿದ್ಧವಾಗಿದ್ದರೂ ಕನ್ನಡ ನಾಡಿನ ಈ ಭಾಗವು ಚಹಕ್ಕೇ ಒಲಿಯಿತು.

ಇತ್ತ ಯೂರೋಪಿನಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ಅಲ್ಲಿಯ ಜನರು ಹಿಂದಿನಿಂದಲೂ ಎತ್ತರದ ಮೇಜಿಗೆ ಒಗ್ಗಿದವರು. ಕುಳಿತುಕೊಳ್ಳುವ ಕೋಚುಗಳು ತಗ್ಗಾಗುತ್ತ ಬಂದಂತೆ ಅವುಗಳ ಮುಂದಿನ ಮೇಜೂ ತಗ್ಗಾಯಿತು. ಇಂದು ಕಾಫಿಯ ಮೇಜೆಂದು ಹೆಸರಾದ, ಮೊಣಕಾಲೆತ್ತರದ ಉದ್ದನೆಯ ಮೇಜು ಅಲ್ಲಿಯೂ ಅಮೇರಿಕೆಯಲ್ಲಿಯೂ ಮನೆಮನೆಯ ವಸ್ತುವಾದುದು ಮುಖ್ಯವಾಗಿ 1920ರ ನಂತರವೇ. ನೆಲದ ಮೇಲೆ ಕುಳಿತು ಉಣ್ಣುವ ತುರ್ಕರು, ಜಪಾನಿನವರು, ಕನ್ನಡಿಗರು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದ ತಗ್ಗಿನ ಮೇಜನ್ನು ಪಡುವಣದವರು ಹೀಗೆ ಬಹು ತಡವಾಗಿ ಕಂಡರು. ಆದುದರಿಂದ ಇಂದಿನ ಟೀಪಾಯಿಯಲ್ಲಿ ಪರದೇಶದ್ದೆನ್ನಬಹುದಾದುದು ಅದರ ಎತ್ತರವೊಂದೇ. ಮಣೆಯ ಮೇಲೆ ಕುಳಿತವನಿಗೆ ಒಂದು ಗೇಣಿನ ಅಡ್ಡಣಿಗೆ ಸಾಕು. ಕೋಚಿನ ಮೇಲೆ ಕುಳಿತವನಿಗೆ 16 ರಿಂದ 18 ಅಂಗುಲ ಬೇಕು.

ಇದನ್ನು ಮನೆಯಲ್ಲಿ ಮಾಡಿಕೊಳ್ಳುವದು ಅಸಾಧ್ಯವಾದ ವಿದ್ಯೆಯಲ್ಲ. ಕೆಲಸದ ಜೀವಾಳವು ಮರದ ಸ್ವಭಾವವನ್ನು ಅರಿಯುವದರಲ್ಲಿದೆ. ಮರವು ಒಣಗುವಾಗ ಎಳೆಯ ಗುಂಟ ಸಂಕೋಚಿಸುವದು ಬಹು ಸ್ವಲ್ಪ. ಎಳೆಗೆ ಅಡ್ಡವಾಗಿ ಸಂಕೋಚಿಸುವದೇ ಹೆಚ್ಚು. ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಹಸಿ ಹಲಗೆಯು ಬಾಗಿ ಬಿರಿಯದೆ ಇರದು. ಆದುದರಿಂದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿ, ಒಂದು ವರ್ಷವಾದರೂ ಒಣಗಿಸಬೇಕು. ದುಂಡಾದ ಹಲಗೆಗೆ ಒಂದೂವರೆ ಅಡಿ ಅಗಲವೂ ಒಂದೂಕಾಲು ಅಂಗುಲ ದಪ್ಪವೂ ಇದ್ದರೆ ಸಾಕು. ಅದರಲ್ಲಿ ಹೊರಕ್ಕೆ ಓರೆಯಾಗುವಂತೆ ಮೂರು ತೂತುಗಳನ್ನು ಬೈರಿಗೆಯಿಂದ ಕೊರೆಯಬೇಕು. ಕಾಲುಗಳ ಮೇಲ್ತುದಿಯನ್ನು ತೂತಿಗೆ ಬಿಗಿಯಾಗಿ ಕೂಡುವಂತೆ ಕೆತ್ತಬೇಕು. ಕಾಲಿನ ಮರವು ಪೂರ್ಣವಾಗಿ ಒಣಗಿದ್ದು, ಹಲಗೆಯಲ್ಲಿ ಕೊಂಚ ಹಸಿ ಉಳಿದಿದ್ದರೆ ಒಳ್ಳೆಯದೇ. ಹಲಗೆ ಒಣಗಿದಂತೆಲ್ಲ ತೂತು ಬಿಗಿದು ಕಾಲನ್ನು ಅಪ್ಪಿಕೊಳ್ಳುವದು. ಕಾಲಿನ ತುದಿಯನ್ನು ಸೀಳಿ ಮೇಲಿನಿಂದ ಬೆಣೆಯನ್ನು ಹೊಡೆಯುವಾಗ ಬೆಣೆಯ ಅಗಲವು ಹಲಗೆಯ ಎಳೆಗೆ ಅಡ್ಡವಾಗಿರಬೇಕು. ಎಳೆಯ ಗುಂಟ ಹೊಡೆದರೆ ಹಲಗೆಯೇ ಸೀಳಿಹೋಗುವದು. ಹತ್ತರಿಯಿಂದ ನುಣುಪುಮಾಡಿದ ಮೇಲೆ ಅಗಸೆಯೆಣ್ಣೆಯನ್ನು ತೆಳ್ಳಗೆ ಹಲವು ಸಲ ತಿಕ್ಕಿದರೆ, ಆ ಎಣ್ಣೆಯು ಗಾಳಿಗೆ ತಾನೇ ಗಟ್ಟಿಯಾಗಿ ಮರಕ್ಕೆ ಕವಚವಾಗುವದು. ಕಬ್ಬಿಣದ ಮೊಳೆಯ ಅವಶ್ಯಕತೆಯೇ ಇಲ್ಲ. ಇಷ್ಟನ್ನು ಒಬ್ಬ ಬಡಿಗನು ಬರೆದು ತೋರಿಸನು, ಮಾಡಿ ತೋರಿಸುವನು. ನೋಡಿ ಕಲಿಯುವವನಿಲ್ಲದಿದ್ದರೆ ಅದು ಅವನೊಡನೆಯೇ ಹೋಗುವದು.

ಹಾಗೆಯೇ ಹೋಗುತ್ತಲಿದೆಯೆಂಬುದೇ ಇಲ್ಲಿಯ ವ್ಯಸನದ ಸಂಗತಿ. ಕಬ್ಬಿಣದ ನೇಗಿಲು ಬಂದು ಮರದ ನೇಗಿಲು ಮೂಲೆ ಸೇರಿತು. ಟ್ರ್ಯಾಕ್ಟರು ಬಂದು ಬಂಡಿ ನಿಂತಿತು. ಅವುಗಳೊಡನೆ ಕಣದ ಆಯವೂ ನಿಂತಿತು. ಬಾಗಿಲು ಕಿಟಕಿಗಳನ್ನು ಮಾಡಿ ಬದುಕುತ್ತಿದ್ದ ಬಡಿಗನಿಗೆ, ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಸಿದ್ಧ ಸಾಮಾನುಗಳು ಈಗ ಎದುರಾಳಿಯಾಗಿವೆ. ಅವು ಅಗ್ಗವೂ ಅಂದವೂ ಆಗಿರುವವು. ಆದರೆ ನೀರು ತಾಗಿದರೆ ಉಬ್ಬುವವು, ಮುರಿದರೆ ಯಾವ ಬಡಿಗನೂ ಅವನ್ನು ಕೂಡಿಸಲಾರನು. ವಿಚಿತ್ರವೆಂದರೆ, ಹೊಟ್ಟು ಮತ್ತು ಅಂಟುಗಳ ಇದೇ ಕೂಟವನ್ನು ಕಿನ್ನಾಳದ ಚಿತ್ರಗಾರನೂ ಬಲ್ಲನು. ಅವನು ಅದನ್ನು ಮರಕ್ಕೆ ಹೊದಿಕೆಯಾಗಿ ಬಳಸಿದನು; ಯಂತ್ರವು ಅದನ್ನು ಮರದ ಬದಲಿಗೇ ಬಳಸಿತು.

ತಳಕಲ್ಲಿಗೆ ಉದ್ಯಮವು ಬಾರದಿಲ್ಲ. ನೆರೆಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆಗಳ ದೊಡ್ಡ ಕೈಗಾರಿಕಾ ಸಂಕುಲಕ್ಕೆ ಅಡಿಗಲ್ಲು ಬಿದ್ದಿತು. ತಳಕಲ್ಲಿನಿಂದ ಕವಲೊಡೆದ ಹೊಸ ರೈಲುಹಾದಿಯು ಕುಕನೂರು ಯಲಬುರ್ಗಿಗಳನ್ನು ದಾಟಿ ಹೋಗಿ, 2025ರಲ್ಲಿ ಕುಷ್ಟಗಿಗೆ ಗಾಡಿ ಓಡತೊಡಗಿತು. ಇವು ಸಂತೋಷದ ವಾರ್ತೆಗಳೇ; ಹೊಟ್ಟೆಯ ಪಾಡಿಗೆ ದೂರದ ಪಟ್ಟಣಗಳಿಗೆ ಗುಳೆ ಹೋಗುತ್ತ ಬಂದ ಈ ಸೀಮೆಯ ಜನರಿಗೆ ಊರ ಹತ್ತಿರದ ಕೆಲಸವು ಬೇಕಾದುದೇ. ಆದರೆ ಕಾರ್ಖಾನೆಯು ಕೈಗೆ ಕೂಲಿಯನ್ನು ಕೊಡಬಲ್ಲದು, ಕೈಯೊಳಗಿನ ವಿದ್ಯೆಯನ್ನು ಕಾಯಲಾರದು. ಆ ವಿದ್ಯೆಯನ್ನು ಕಾಯಬೇಕಾದವರು ಅದರ ಫಲವನ್ನು ಕೊಳ್ಳುವ ಗೃಹಸ್ಥರು.

ಊರಲ್ಲಿ ಇನ್ನೂ ಬಾಚಿ ಹಿಡಿಯುವ ಒಬ್ಬ ಮುದುಕನಿದ್ದರೆ, ಮುಂದಿನ ಸಲ ಪಡಸಾಲೆಗೆ ಟೀಪಾಯಿ ಬೇಕಾದಾಗ ಪೇಟೆಗೆ ಹೋಗುವ ಮೊದಲು ಅವನ ಚಪ್ಪರಕ್ಕೆ ಹೋಗುವದು ಲೇಸು. ಮನೆಯ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಲೇಸು. ಅವನು ಬಡಿಗನೇ ಆಗಬೇಕೆಂದಿಲ್ಲ; ಮೂರು ಕಾಲಿನ ಹಲಗೆಯೊಂದು ಒರಟು ನೆಲದ ಮೇಲೆ ಹೇಗೆ ಅಲುಗದೆ ನಿಲ್ಲುವದೆಂಬುದನ್ನು ಒಮ್ಮೆ ಕಣ್ಣಾರೆ ಕಂಡರೆ ಸಾಕು. ಟೀಪಾಯಿಯ ಹೆಸರಿನಲ್ಲಿ ಅಡಗಿರುವ ಅಡ್ಡಣಿಗೆಯು ಅಂದು ಅವನಿಗೆ ತಿಳಿದುಬರುವದು.