ವತನದಿಂದ ಹುದ್ದೆಗೆ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಕಿವಿಗೆ ‘ವತನ್’ ಎಂದರೆ ತಾಯ್ನಾಡು. ಆಗಸ್ಟ್ 15ರಂದು ಧ್ವನಿವರ್ಧಕಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಮುಂಬಯಿ, ಪುಣೆಗಳಲ್ಲಿರುವ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಅದೇ ಪದ ಅಜ್ಜನ ಕಾಲದ ಹೊಲವನ್ನು ನೆನಪಿಗೆ ತರುತ್ತದೆ: ಗೌಡಕಿಯ ವತನ, ಕುಲಕರ್ಣಿಕೆಯ ವತನ. ಅರಬ್ಬಿಯಿಂದ ಬಂದ ಈ ಪದ ನಮ್ಮ ಸೀಮೆಯಲ್ಲಿ ಸರ್ಕಾರಿ ಅಧಿಕಾರದ ಹೆಸರಾಯಿತು, ಅಧಿಕಾರದ ಜೊತೆಗೆ ಬಂದ ಭೂಮಿಯ ಹೆಸರೂ ಆಯಿತು. ನಾವು ಇಂದು ‘ಹುದ್ದೆ’ ಎನ್ನುವುದಕ್ಕೂ ನಮ್ಮ ಹಿರಿಯರು ‘ವತನ’ ಎಂದದ್ದಕ್ಕೂ ನಡುವೆ ಒಂದು ದೀರ್ಘವಾದ ಕಾನೂನಿನ ಕಥೆಯಿದೆ.

ಕುಲಕರ್ಣಿ, ಪಾಟೀಲ, ದೇಸಾಯಿ, ದೇಶಪಾಂಡೆ, ಶಾನಭಾಗ, ನಾಡಗೌಡ. ನಮ್ಮ ಕನ್ನಡ ಸಂಘಗಳ ಸದಸ್ಯರ ಪಟ್ಟಿಯನ್ನು ಒಮ್ಮೆ ತಿರುವಿದರೆ ಸಾಕು, ರದ್ದಾದ ಒಂದು ಕಂದಾಯ ಇಲಾಖೆಯೇ ಎದ್ದು ಬಂದಂತೆ ಕಾಣುತ್ತದೆ. ಹುದ್ದೆಯೊಂದು ಅಡ್ಡಹೆಸರಾಗಿ ಉಳಿಯಬೇಕಾದರೆ ಅದು ಕೆಲವು ತಲೆಮಾರುಗಳ ಕಾಲವಾದರೂ ಆ ಮನೆಯ ಸೊತ್ತಾಗಿರಬೇಕು. ಹಾಗೆಯೇ ಇತ್ತು.

ಇದಕ್ಕೆ ಶಾಸನದ ರೂಪ ಕೊಟ್ಟದ್ದು 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ. ಮುಂಬಯಿ ಪ್ರಾಂತದಲ್ಲಿದ್ದ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಅದೇ ಅನ್ವಯ. ಅದರ ವ್ಯಾಖ್ಯೆಗಳನ್ನು ನಿಧಾನವಾಗಿ ಓದಬೇಕು. ಹುದ್ದೆ, ಅದರ ಕೆಲಸಕ್ಕೆ ಪ್ರತಿಫಲವಾಗಿ ನೀಡಿದ ಆಸ್ತಿ, ಅವೆರಡಕ್ಕೂ ಅಂಟಿಕೊಂಡ ಹಕ್ಕುಬಾಧ್ಯತೆಗಳು, ಇಷ್ಟೂ ಸೇರಿ ವತನ. ಕಂದಾಯ ವಸೂಲಿ, ಗ್ರಾಮ ಪೊಲೀಸು, ಗಡಿ ನಿರ್ಣಯ ಮುಂತಾದ ಕೆಲಸಗಳಿಗಾಗಿ ವಂಶದಲ್ಲಿ ನಡೆದುಬಂದದ್ದು ವಂಶಪಾರಂಪರ್ಯ ಹುದ್ದೆ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಆ ಕೆಲಸವನ್ನು ಸರ್ಕಾರ ಈಗ ಕೇಳದಿದ್ದರೂ ಅದು ಹುದ್ದೆಯೇ. ದೇಸಾಯಿ, ದೇಶಪಾಂಡೆ ಮನೆತನಗಳಿಂದ ಕೆಲಸ ಕೇಳುವುದನ್ನು ಬ್ರಿಟಿಷರು ಆ ವೇಳೆಗೆ ನಿಲ್ಲಿಸಿದ್ದರು. ಅವರು ಬದಲಿಗೆ ವರ್ಷಕ್ಕಿಷ್ಟೆಂದು ಹಣ ಕಟ್ಟಿ ಭೂಮಿಯನ್ನು ಉಳಿಸಿಕೊಂಡಿದ್ದರು. ಕೆಲಸ ಸತ್ತರೂ ಹುದ್ದೆ ಬದುಕಿರುತ್ತದೆ ಎಂದು ಕಾನೂನೇ ಹೇಳಿದ ಮೇಲೆ ಅದನ್ನು ಆಸ್ತಿಯಲ್ಲದೆ ಮತ್ತೇನೆಂದು ಕರೆಯುವುದು? ಆಸ್ತಿಯಾದದ್ದರಿಂದಲೇ 1886ರಲ್ಲಿ ಮತ್ತೊಂದು ಕಾಯಿದೆ ಬಂದು, ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳನ್ನೆಲ್ಲ ವಾರಸಿನ ಸಾಲಿನಲ್ಲಿ ಗಂಡಸರ ಹಿಂದಕ್ಕೆ ಸರಿಸಿತು.

ವತನವೆಂದರೆ ಗೌರವ, ಗದ್ದೆ, ಗತ್ತು ಎಂದು ನೆನೆಯುವವರು ಮಹಾರ್ ವತನವನ್ನೂ ನೆನೆಯಬೇಕು. ಅದೇ ಕಾಯಿದೆ, ಅದೇ ಪದ. ಆದರೆ ಅಲ್ಲಿ ತುಂಡು ಭೂಮಿಗಾಗಿ ಇಡೀ ಕುಟುಂಬ ಹಗಲಿರುಳು ಸರ್ಕಾರದ ಮತ್ತು ಊರ ಗೌಡರ ಕರೆಗೆ ಓಗೊಡಬೇಕಿತ್ತು; ವತನದಾರ ಸಿಗದಿದ್ದರೆ ಮನೆಯ ಇನ್ನೊಬ್ಬರನ್ನು ಎಳೆದೊಯ್ಯುತ್ತಿದ್ದರು. ಡಾ. ಅಂಬೇಡ್ಕರ್ ಅವರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ ಕಾಯಿದೆಯ ತಿದ್ದುಪಡಿಗೆ ಮಸೂದೆ ಮಂಡಿಸಿದರು. ಪೂರ್ಣ ಕಂದಾಯ ಕಟ್ಟಿ, ಭೂಮಿಯನ್ನು ಉಳಿಸಿಕೊಂಡು, ಸೇವೆಯಿಂದ ಬಿಡುಗಡೆ ಹೊಂದಲು ವತನದಾರನಿಗೆ ಅವಕಾಶವಿರಲಿ ಎಂಬುದು ಅವರ ಕೇಳಿಕೆಗಳಲ್ಲೊಂದು. ಮಸೂದೆ ಕಾಯಿದೆಯಾಗಲಿಲ್ಲ. ಒಂದೇ ‘ಹುದ್ದೆ’ ಎಂಬ ಶಬ್ದ ಒಬ್ಬನಿಗೆ ಆಸ್ತಿಯೂ ಇನ್ನೊಬ್ಬನಿಗೆ ಜೀತವೂ ಆಗಿತ್ತೆಂಬುದನ್ನು ನಮ್ಮ ಊರ ಚರಿತ್ರೆಗಳು ಸಾಮಾನ್ಯವಾಗಿ ಎರಡು ಬೇರೆ ಅಧ್ಯಾಯಗಳಲ್ಲಿ ಬರೆಯುತ್ತವೆ. ಒಂದೇ ಅಧ್ಯಾಯದಲ್ಲಿ ಬರೆಯಬೇಕೆಂದು ನಮ್ಮ ಅಭಿಪ್ರಾಯ.

ಸಂವಿಧಾನ ಬಂದಾಗ ಈ ಗಂಟನ್ನು ಬಿಚ್ಚಿದ್ದು ಒಂದೇ ಒಂದು ಪದ. ತಾರತಮ್ಯವನ್ನು ನಿಷೇಧಿಸುವ 15ನೇ ಅನುಚ್ಛೇದದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಹೆಸರಿವೆ. ಸರ್ಕಾರಿ ಉದ್ಯೋಗ ಮತ್ತು ಹುದ್ದೆಗಳ ಮಾತಾಡುವ 16(2)ರಲ್ಲಿ ಅವುಗಳ ಜೊತೆಗೆ ‘ವಂಶ’ ಎಂಬುದೂ ಸೇರಿದೆ. ಅದರ ತೂಕ ತಿಳಿದದ್ದು ಹತ್ತು ವರ್ಷಗಳ ಬಳಿಕ. ಗುಂಟೂರು ಜಿಲ್ಲೆಯಲ್ಲಿ ಹೊಸದಾಗಿ ರಚನೆಯಾದ ಒಂದು ಗ್ರಾಮಕ್ಕೆ ಮುನ್ಸೀಫನನ್ನು ನೇಮಿಸಬೇಕಿತ್ತು. ಮದ್ರಾಸಿನ 1895ರ ಕಾಯಿದೆಯಂತೆ ಹಿಂದಿನ ಅಧಿಕಾರಿಗಳ ಕುಟುಂಬದೊಳಗಿಂದಲೇ ಅರ್ಹನನ್ನು ಆರಿಸಬೇಕು. ಆ ಕುಟುಂಬಕ್ಕೆ ಸೇರದ ಗಾಜುಲ ದಶರಥ ರಾಮರಾವ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಗ್ರಾಮಾಧಿಕಾರ ಸರ್ಕಾರದ ಅಧೀನದಲ್ಲಿರುವ ಹುದ್ದೆ. ವಂಶವೊಂದನ್ನೇ ಆಧಾರವಾಗಿಟ್ಟು ಇತರರನ್ನು ಹೊರಗಿಡುವುದು 16ನೇ ಅನುಚ್ಛೇದಕ್ಕೆ ವಿರುದ್ಧ ಎಂದು 1960ರ ಡಿಸೆಂಬರಿನಲ್ಲಿ ತೀರ್ಪಾಯಿತು.

ಹುದ್ದೆ ಎಂದರೇನು ಎಂಬುದಕ್ಕೆ ನಮ್ಮ ನ್ಯಾಯಾಲಯಗಳು ಬೇರೆ ಸಂದರ್ಭದಲ್ಲಿ ಒರೆಗಲ್ಲಾಗಿ ಬಳಸಿದ್ದು ಇಂಗ್ಲೆಂಡಿನ ತೆರಿಗೆ ಮೊಕದ್ದಮೆಯೊಂದನ್ನು. ರೈಲ್ವೆ ಕಂಪನಿಯ ಗುಮಾಸ್ತನೊಬ್ಬನ ವಿಷಯದಲ್ಲಿ 1920ರಲ್ಲಿ ನ್ಯಾಯಮೂರ್ತಿ ರೌಲಟ್ ಹೇಳಿದ್ದರ ಸಾರ ಇಷ್ಟು: ಯಾರು ಕೂತರೂ ಎದ್ದರೂ ತನ್ನಷ್ಟಕ್ಕೆ ಉಳಿದಿರುವ ಸ್ಥಾನವೇ ಹುದ್ದೆ. ರಾಜಸ್ಥಾನದ ಶಾಸಕಿ ಕಾಂತಾ ಕಥೂರಿಯಾ ಅವರು ಒಂದು ಪ್ರಕರಣಕ್ಕಾಗಿ ಸರ್ಕಾರದ ವಿಶೇಷ ವಕೀಲರಾಗಿದ್ದುದು ‘ಲಾಭದ ಹುದ್ದೆ’ಯೇ ಎಂಬ ಪ್ರಶ್ನೆ 1969ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗಲೂ ಈ ಅಳತೆಗೋಲು ಹೊರಬಂದಿತು, ಅದು ಹುದ್ದೆಯೇ ಅಲ್ಲವೆಂದು ಬಹುಮತದ ತೀರ್ಪು ಹೇಳಿತು. ವತನದ ಕಲ್ಪನೆಗೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಮನೆತನ ಸ್ಥಿರ, ಕೆಲಸ ಬಂದುಹೋಗುವಂಥದು. ಇಲ್ಲಿ ಸ್ಥಾನ ಸ್ಥಿರ, ಮನುಷ್ಯ ಬಂದುಹೋಗುವವನು.

ಆ ಸ್ಥಾನವನ್ನೇ ತೆಗೆದುಹಾಕಿದರೆ? ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಹುದ್ದೆಗಳ ವಂಶಪಾರಂಪರ್ಯಕ್ಕೆ ತೆರೆಯೆಳೆಯಿತು. ಭೂಮಿ ಸರ್ಕಾರಕ್ಕೆ ಸೇರಿ, ಹಣ ಕಟ್ಟಿದ ಹಳೆಯ ಹಿಡುವಳಿದಾರರಿಗೆ ಮರುಮಂಜೂರಾಯಿತು. ಪ್ರಶ್ನಿಸಿದವರಿದ್ದರು, 1966ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ತಮಿಳುನಾಡಿನಲ್ಲಿ ಎಂ.ಜಿ.ಆರ್. ಸರ್ಕಾರ 1980ರ ನವೆಂಬರಿನಲ್ಲಿ, ಆಂಧ್ರದಲ್ಲಿ ಎನ್.ಟಿ.ಆರ್. ಸರ್ಕಾರ 1984ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಅರೆಕಾಲಿಕ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ರದ್ದು ಮಾಡಿದವು. ವಿಚಾರಣೆ ನಡೆಸದೆ, ಅಹವಾಲು ಕೇಳದೆ ವಜಾ ಮಾಡಬಾರದೆನ್ನುವ 311ನೇ ಅನುಚ್ಛೇದ ತಮ್ಮ ನೆರವಿಗೆ ಬರಬೇಕೆಂದು ಕೆಲಸ ಕಳೆದುಕೊಂಡವರು ವಾದಿಸಿದರು. ಎರಡೂ ಪ್ರಕರಣಗಳಲ್ಲಿ ತೀರ್ಪು ಬರೆದವರು ಮಂಡ್ಯ ಸೀಮೆಯಿಂದ ಬಂದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು. ಹುದ್ದೆಯನ್ನು ರದ್ದು ಮಾಡುವುದು ಹುದ್ದೆಯಲ್ಲಿದ್ದವನಿಗೆ ವಿಧಿಸಿದ ಶಿಕ್ಷೆಯಲ್ಲ, ಆದ್ದರಿಂದ ಅದು ವಜಾ ಅಲ್ಲ ಎಂಬುದು ನ್ಯಾಯಾಲಯದ ನಿಲುವು. ಕಾನೂನಿನ ತರ್ಕಕ್ಕೆ ಇದು ಸರಿಯೇ. ನಮ್ಮಂಥ ಸರ್ಕಾರಿ ನೌಕರರು ಮಾತ್ರ ‘ಮಂಜೂರಾದ ಹುದ್ದೆ’ ಎಂಬ ಎರಡು ಶಬ್ದಗಳನ್ನು ಇನ್ನು ಮುಂದೆ ಸ್ವಲ್ಪ ಎಚ್ಚರದಿಂದ ಓದುವುದು ಒಳ್ಳೆಯದು.

ವಂಶದ ಪ್ರಶ್ನೆ ಅಲ್ಲಿಗೆ ಮುಗಿಯಿತೆನ್ನುವಂತಿಲ್ಲ. ಸೇವೆಯಲ್ಲಿರುವಾಗಲೇ ತೀರಿಕೊಂಡವರ ಮನೆಯವರಿಗೆ ಅನುಕಂಪದ ಆಧಾರದ ನೌಕರಿ ಸಿಗುತ್ತದೆ. ಅದು ವಾರಸಿನ ಹಕ್ಕಲ್ಲ, ಹಠಾತ್ತನೆ ಎರಗಿದ ಸಂಕಟದಿಂದ ಕುಟುಂಬವನ್ನು ಪಾರುಮಾಡುವ ಉಪಾಯ ಮಾತ್ರವೆಂದು ಸುಪ್ರೀಂ ಕೋರ್ಟು 1994ರ ಉಮೇಶ್ ಕುಮಾರ್ ನಾಗಪಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ ಮಹಾರಾಷ್ಟ್ರದಲ್ಲಿ ಲಾಡ್-ಪಾಗೆ ಸಮಿತಿಯ ಶಿಫಾರಸಿನಂತೆ ಸಫಾಯಿ ಕಾರ್ಮಿಕರು ನಿವೃತ್ತರಾದಾಗಲೂ ಅವರ ವಾರಸುದಾರರಿಗೆ ಕೆಲಸ ಕೊಡುವ ಪದ್ಧತಿ ಇದೆ. ಮುಂಬಯಿಯಲ್ಲಿ ಅದನ್ನು ಮರಾಠಿಯಲ್ಲಿ ‘ವಾರಸಾ ಹಕ್ಕ’ ಎಂದೇ ಕರೆಯುತ್ತಾರೆ. ಬೇರೆ ದಾರಿ ಕಾಣದ ಕುಟುಂಬಗಳಿಗೆ ಅದು ಬೇಕು. ಪೊರಕೆಯನ್ನು ತಂದೆಯ ಕೈಯಿಂದ ಮಗನ ಕೈಗೆ ದಾಟಿಸುವುದೂ ಅದೇ.