ಬೂಷ್ಟು ಹಿಡಿದ ಮೆಕ್ಕೆಜೋಳ: 1974ರ ಕಾಮಾಲೆ ಮತ್ತು ಅದರ ಹಿಂದುಮುಂದು

ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಭಿಲ್ ರೈತರಿಗೆ ಮೆಕ್ಕೆಜೋಳವೇ ಮುಖ್ಯ ಆಹಾರ. ಹೊಲ ಚಿಕ್ಕದು, ನೀರು ಮಳೆಯದೇ. 1974ರಲ್ಲಿ ಬರದಿಂದ ಬಾಡಿದ್ದ ಬೆಳೆಯ ಮೇಲೆ ಕೊಯ್ಲಿಗೆ ಮುಂಚೆ ಅಕಾಲದ ಮಳೆ ಸುರಿಯಿತು. ತೆನೆಗಳು ನಿಂತಲ್ಲೇ ನೆನೆದವು. ಅವನ್ನು ಚೆನ್ನಾಗಿ ಒಣಗಿಸಿ ಕೂಡಿಡುವ ಅನುಕೂಲ ಈ ಮನೆಗಳಿಗಿರಲಿಲ್ಲ. ಕಾಳಿಗೆ ಬೂಷ್ಟು ಹಿಡಿಯಿತು. ಬೇರೆ ಧಾನ್ಯ ಕೊಳ್ಳುವ ಶಕ್ತಿಯಿಲ್ಲದ ಮನೆಗಳಲ್ಲಿ ಅದೇ ಕಾಳು ಹಿಟ್ಟಾಗಿ, ರೊಟ್ಟಿಯಾಯಿತು.

ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಿಂದ ಕಾಮಾಲೆಯ ವರದಿ ಬರತೊಡಗಿತು. ಕಣ್ಣು ಹಳದಿಯಾದ ಕೆಲವೇ ದಿನಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು; ಹಲವರು ಜಠರ ಮತ್ತು ಕರುಳಿನಲ್ಲಿ ವಿಪರೀತ ರಕ್ತಸ್ರಾವವಾಗಿ ತಟ್ಟನೆ ತೀರಿಕೊಂಡರು. ಲೆಕ್ಕಕ್ಕೆ ಸಿಕ್ಕ 397 ರೋಗಿಗಳಲ್ಲಿ 106 ಮಂದಿ ಉಳಿಯಲಿಲ್ಲ. ಹೆಂಗಸರಿಗಿಂತ ಗಂಡಸರಲ್ಲಿ ಕಾಯಿಲೆ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಇಂಥ ಪಿಡುಗು ಕಂಡಾಗ ವೈದ್ಯರ ಅನುಮಾನ ಮೊದಲು ಹೋಗುವುದು ಕುಡಿಯುವ ನೀರಿನ ಮೇಲೆ, ವೈರಸ್ಸಿನ ಮೇಲೆ. ಆದರೆ ಇಲ್ಲಿ ಮನೆಯವರ ಊಟದಲ್ಲಿ ಪಾಲು ಪಡೆಯುತ್ತಿದ್ದ ನಾಯಿಗಳಿಗೂ ಅದೇ ಕಾಮಾಲೆ, ಅದೇ ಜಲೋದರ ಬಂದಿತ್ತು. ಮನುಷ್ಯರೂ ನಾಯಿಗಳೂ ಒಟ್ಟಿಗೆ ತಿಂದದ್ದು ಏನು ಎಂಬುದೇ ಕೇಳಬೇಕಾದ ಪ್ರಶ್ನೆಯಾಗಿತ್ತು.

ಉತ್ತರ ಕಂಡುಕೊಂಡದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ರಮೇಶ ಭಟ್, ನಾಗರಾಜನ್ ಮತ್ತು ತಿಲಕ್ ಅವರ ತಂಡ. ಪೀಡಿತ ಮನೆಗಳ ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ದಟ್ಟವಾಗಿ ಬೆಳೆದಿತ್ತು. ಪ್ರತಿ ಕಿಲೋ ಕಾಳಿನಲ್ಲಿ ಅದು ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷ 6.25ರಿಂದ 15.6 ಮಿಲಿಗ್ರಾಂವರೆಗೂ ಇತ್ತು. ಒಬ್ಬೊಬ್ಬರು ದಿನಕ್ಕೆ 2ರಿಂದ 6 ಮಿಲಿಗ್ರಾಂ ವಿಷವನ್ನು ಸುಮಾರು ಒಂದು ತಿಂಗಳು ತಿಂದಿರಬಹುದೆಂದು ಅವರು ಅಂದಾಜು ಮಾಡಿದರು. ವರದಿ 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಜಗತ್ತಿನಲ್ಲಿ ಮನುಷ್ಯರಿಗೆ ತಗುಲಿದ ಅಫ್ಲಾಟಾಕ್ಸಿನ್ ಕಾಯಿಲೆಯ ಕುರಿತು ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುವ ವರದಿಗಳಲ್ಲಿ ಅದೊಂದು.

ಅಷ್ಟರಲ್ಲಿ ಈ ವಿಷ ವಿಜ್ಞಾನಕ್ಕೆ ಅಪರಿಚಿತವೇನೂ ಆಗಿರಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ, ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಅದು ಪತ್ತೆಯಾಗಿತ್ತು. ಆ ಸುದ್ದಿ ಭಾರತಕ್ಕೆ ದೂರದ್ದಾಗಿರಲಿಲ್ಲ, ಏಕೆಂದರೆ ಅಪೌಷ್ಟಿಕ ಮಕ್ಕಳಿಗೆ ಕಡಲೆಕಾಯಿ ಹಿಟ್ಟಿನ ಆಹಾರ ಕೊಡುವ ಪ್ರಯತ್ನ ಇಲ್ಲಿ ನಡೆದಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1960ರ ದಶಕದಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಕಡಲೆಕಾಯಿ ಹಿಂಡಿಯ ವಿಷ ತೆಗೆಯುವ ವಿಧಾನದ ಮೇಲೆ ಕೆಲಸ ಮಾಡಿತು. ಹೀಗೆ ಕಾರ್ಖಾನೆಗೆ ಹೋಗುವ ಹಿಂಡಿಯ ಚಿಂತೆ ಮೊದಲು ಶುರುವಾಯಿತು. ತನ್ನ ಹೊಲದ ಕಾಳನ್ನೇ ಬೀಸಿ ತಿನ್ನುವ ಮನೆಯತ್ತ ಯಾರದಾದರೂ ಕಣ್ಣು ಹೊರಳಲು 106 ಸಾವುಗಳೇ ಆಗಬೇಕಾಯಿತು.

ಈ ಶಿಲೀಂಧ್ರ ಎಲ್ಲಿಂದಲೋ ಬಂದು ಸೇರುವಂಥದ್ದಲ್ಲ. ಹೊಲದ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೊಳೆತ ದಂಟಿನಲ್ಲಿ ಸದಾ ಇರುತ್ತದೆ. ಅದರ ಕಣಗಳು ಗಾಳಿಯಲ್ಲಿ ಹಾರಿ ತೆನೆಯ ತುದಿಯ ಎಳೆಗಳ ಮೂಲಕವೋ ಹುಳು ಕೊರೆದ ತೂತಿನ ಮೂಲಕವೋ ಕಾಳನ್ನು ಸೇರುತ್ತವೆ. ಕಾಳು ಕಟ್ಟುವ ಹೊತ್ತಿನಲ್ಲಿ ನೀರಿಲ್ಲದೆ, ಬಿಸಿಲಿಗೆ ಬಳಲಿದ ಗಿಡ ಅದನ್ನು ತಡೆಯಲಾರದು. ಕೊಯ್ಲಾದ ಮೇಲೆ ತೇವಾಂಶ ನೂರಕ್ಕೆ 13–14ರ ಒಳಗೆ ಇಳಿಯದಿದ್ದರೆ ಬೆಚ್ಚಗಿನ ರಾಶಿಯೊಳಗೆ ಶಿಲೀಂಧ್ರ ಹಬ್ಬುತ್ತಲೇ ಹೋಗುತ್ತದೆ. ಮೊದಲು ಬರ, ಆಮೇಲೆ ಮಳೆ ಎಂಬ ಕ್ರಮ ಅಷ್ಟು ಅಪಾಯಕಾರಿಯಾಗುವುದು ಇದರಿಂದಲೇ. ಅಫ್ಲಾಟಾಕ್ಸಿನ್‌ಗೆ ರುಚಿಯ ಗುರುತಿಲ್ಲ, ಮತ್ತು ಅದು ಕಾವಿಗೆ ಬಗ್ಗುವುದಿಲ್ಲ: ಹೆಂಚಿನ ಮೇಲೆ ರೊಟ್ಟಿ ಬೆಂದರೂ ವಿಷದ ಬಹುಪಾಲು ಹಾಗೇ ಉಳಿಯುತ್ತದೆ.

ದೇಹಕ್ಕೆ ಹೋದ ವಿಷವನ್ನು ಯಕೃತ್ತು ಒಡೆಯಲು ಹೊರಟಾಗ ಇನ್ನೂ ಉಗ್ರವಾದ ಒಂದು ರೂಪ ಹುಟ್ಟಿ, ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಒಮ್ಮೆಲೇ ಹೆಚ್ಚು ತಿಂದವರಿಗೆ ಕಾಮಾಲೆ. ಸ್ವಲ್ಪಸ್ವಲ್ಪವಾಗಿ ವರ್ಷಾನುಗಟ್ಟಲೆ ತಿಂದವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ. ಹೆಪಟೈಟಿಸ್ ಬಿ ಸೋಂಕೂ ಇದ್ದವರಲ್ಲಿ ಆ ಅಪಾಯ ಹಲವು ಪಟ್ಟು ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಭಾರತದ ಆಹಾರ ಕಾನೂನು ಬಹುಕಾಲ ಕಿಲೋಗೆ 30 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ನಿನ ಮಿತಿ ಇಟ್ಟುಕೊಂಡಿತ್ತು. ಧಾನ್ಯಗಳಿಗೆ ಅದನ್ನು ಮುಂದೆ 15ಕ್ಕೆ ಇಳಿಸಲಾಯಿತು. ಪಂಚಮಹಲ್–ಬಾಂಸವಾಡಾದ ಕಾಳಿನಲ್ಲಿದ್ದದ್ದು ಹಳೆಯ ಮಿತಿಗಿಂತಲೂ ಇನ್ನೂರರಿಂದ ಐನೂರು ಪಟ್ಟು. ಆದರೆ ಮಿತಿ ಅನ್ವಯಿಸುವುದು ಮಾರಾಟದ ಕಾಳಿಗೆ. ಹೊಲದಿಂದ ಕಣಕ್ಕೆ, ಕಣದಿಂದ ಮನೆಯ ಮೂಲೆಗೆ ಹೋಗುವ ಮೆಕ್ಕೆಜೋಳವನ್ನು ಯಾವ ಪ್ರಯೋಗಾಲಯವೂ ನೋಡುವುದಿಲ್ಲ. ವ್ಯಾಪಾರಿ ಬೇಡವೆಂದ ಕಾಳು ಕೊನೆಗೆ ಬೆಳೆದವರ ತಟ್ಟೆಗೇ ಬರುತ್ತದೆ. ಈ ವಿಷದ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇದು.

1995ರಲ್ಲಿ ದಖ್ಖನಿನ ಸರದಿ ಬಂತು. ಆಗಿನ ಆಂಧ್ರಪ್ರದೇಶ ಮತ್ತು ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಕೊಯ್ಲಿನ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಭೇದಿ ಕಾಣಿಸಿಕೊಂಡಿತು. ರಮೇಶ ಭಟ್ ಮತ್ತು ಅವರ ಸಹೋದ್ಯೋಗಿಗಳು 27 ಹಳ್ಳಿಗಳಲ್ಲಿ ಕಾಯಿಲೆ ಗುರುತಿಸಿದರು. ಈ ಬಾರಿಯ ವಿಷ ಬೇರೆಯದು: ಫ್ಯುಸೇರಿಯಂ ಜಾತಿಯ ಶಿಲೀಂಧ್ರದ ಫ್ಯುಮೋನಿಸಿನ್. ಅದನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಗುರುತಿಸಿ ಆಗ ಏಳೇ ವರ್ಷವಾಗಿತ್ತು. ಕಾಯಿಲೆ ಸೌಮ್ಯವಾಗಿತ್ತು; ಆ ಧಾನ್ಯ ಬಿಟ್ಟವರು ಚೇತರಿಸಿಕೊಂಡರು.

ಕೆನ್ಯಾದಲ್ಲಿ ಹಾಗಾಗಲಿಲ್ಲ; ಅಲ್ಲಿಯದು ಮತ್ತೆ ಅಫ್ಲಾಟಾಕ್ಸಿನ್. ಅಲ್ಲಿನ ಮಕುಯೇನಿ ಪ್ರದೇಶ 1981ರಲ್ಲೇ 12 ಸಾವು ಕಂಡಿತ್ತು. 2004ರಲ್ಲಿ ಮಕುಯೇನಿ, ಕಿಟುಯಿ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ 317 ಮಂದಿ ಕಾಯಿಲೆ ಬಿದ್ದು, 125 ಮಂದಿ ಸತ್ತರು. ಕಾರಣ ಮತ್ತೆ ಅದೇ: ಬರ, ಕೊಯ್ಲಿನ ಸುಮಾರಿಗೆ ಮಳೆ, ತೇವ ಆರದ ಕಾಳನ್ನು ಮನೆಯೊಳಗೆ ಕೂಡಿಟ್ಟದ್ದು. ಜೊತೆಗೆ ರೈತರ ಕಾಳು ಊರಿನ ಅಂಗಡಿಗಳನ್ನೂ ಸೇರಿತ್ತು. ಅಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ 55 ಆ ದೇಶದ ಆಗಿನ ಮಿತಿಯಾದ ಕಿಲೋಗೆ 20 ಮೈಕ್ರೋಗ್ರಾಂ ಅನ್ನು ಮೀರಿದ್ದವು.

ಪರಿಹಾರಗಳಲ್ಲಿ ಹಳೆಯವೂ ಇವೆ. ಮಧ್ಯ ಅಮೆರಿಕದ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆಯುವ ಪದ್ಧತಿ ವಿಷವನ್ನು ಒಂದಿಷ್ಟು ತಗ್ಗಿಸುತ್ತದೆ. ಬೆಳೆ ಜಗತ್ತೆಲ್ಲ ಹರಡಿದಾಗ ಆ ಪದ್ಧತಿ ಅದರ ಜೊತೆ ಹೋಗಲಿಲ್ಲ. ಹೊಸದು ಹೊಲದಲ್ಲೇ ಕೆಲಸ ಮಾಡುತ್ತದೆ: ವಿಷ ತಯಾರಿಸದ ಆಸ್ಪರ್ಜಿಲಸ್ ತಳಿಗಳನ್ನು ಎರಚಿ, ವಿಷಕಾರಿ ತಳಿಗೆ ಜಾಗ ಸಿಗದಂತೆ ಮಾಡುವುದು. ಅಮೆರಿಕದ ಹತ್ತಿ ಹೊಲಗಳಲ್ಲಿ ಬಳಕೆಗೆ ಬಂದ ಈ ವಿಧಾನವನ್ನು ನೈಜೀರಿಯ, ಕೆನ್ಯಾಗಳಲ್ಲಿ ಸ್ಥಳೀಯ ತಳಿಗಳೊಂದಿಗೆ 'ಅಫ್ಲಾಸೇಫ್' ಎಂಬ ಹೆಸರಿನಲ್ಲಿ ಒದಗಿಸಲಾಗಿದೆ. ಇವೆರಡರ ನಡುವೆ ಉಳಿಯುವುದು ದಿನನಿತ್ಯದ ಕೆಲಸ: ತೆನೆಯನ್ನು ಮಣ್ಣಿಗೆ ತಾಗಿಸದೆ ತಾಡಪತ್ರಿಯ ಮೇಲೆ ಒಣಗಿಸುವುದು, ಒಡೆದ ಮತ್ತು ಬಣ್ಣಗೆಟ್ಟ ಕಾಳನ್ನು ಆರಿಸಿ ತೆಗೆಯುವುದು. ಆರಿಸುವುದರಿಂದಲೇ ವಿಷದ ದೊಡ್ಡ ಪಾಲು ಕಳೆಯುತ್ತದೆ. ಆದರೆ ಬಡ ಮನೆಯಲ್ಲಿ ಆರಿಸಿದ ಕಾಳನ್ನು ಚೆಲ್ಲುವುದಿಲ್ಲ, ದನಕ್ಕೂ ಕೋಳಿಗೂ ಹಾಕುತ್ತಾರೆ. ಹಸು ತಿಂದ ಅಫ್ಲಾಟಾಕ್ಸಿನ್ನಿನ ಒಂದು ಅಂಶ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಭಾರತದಲ್ಲಿ ಹಾಲಿಗೆ ಗೊತ್ತುಮಾಡಿರುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ.